ಇಷ್ಟೊಂದು ಜನ ಇರುವ ದೇಶದಲ್ಲಿ ಅಡಿಕೆ ಕೊನೆ (ಗೊನೆ) ಕೊಯ್ಯಲು ಯಾಕೆ ಜನ ಇಲ್ಲ?

ಪ್ರಶ್ನೆ: ಅಕ್ಕೋರೇ, ನೀವು ಅರ್ಥಶಾಸ್ತ್ರ ಪಾಠ ಮಾಡುವವರು, ಅದಕ್ಕೇ ಕೇಳುತ್ತಿದ್ದೇನೆ. ಶಿರಸಿ ಹತ್ತಿರ ನಮ್ಮದು ಎರಡು ಎಕರೆ ಅಡಿಕೆ ತೋಟ. ಮರ ಹತ್ತಿ ಕೊನೆ ಇಳಿಸುವ ನಮ್ಮ ಕೊನೆಗೌಡರಿಗೆ ಅರವತ್ತು ದಾಟಿತು. ಈ ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಯಲು ಬಂದವರು ನಾಲ್ಕು ಮರ ಹತ್ತಿ ಇಳಿದು, ಮೊಣಕಾಲು ಹಿಡಿದುಕೊಂಡು ಕೂತುಬಿಟ್ಟರು. ಅವರ ಮಗ ಬೆಂಗಳೂರಲ್ಲಿ ಕಾರು ಓಡಿಸುತ್ತಾನೆ. ನನ್ನ ಮಗನೂ ಅಲ್ಲೇ. ದೇಶದಲ್ಲಿ 140 ಕೋಟಿ ಜನ ಅಂತಾರೆ. ನಮ್ಮ ತೋಟಕ್ಕೆ ಒಬ್ಬರೂ ಇಲ್ವಲ್ಲ, ಯಾಕೆ?

ಉತ್ತರ: ಒಟ್ಟು ಲೆಕ್ಕ ನೋಡಿದರೆ ಇದು ಗೊತ್ತಾಗಲ್ಲ. ಯಾವ ವಯಸ್ಸಿನವರು ಎಲ್ಲಿದ್ದಾರೆ ಅಂತ ನೋಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಉಳಿಯಲು ಸುಮಾರು 2.1 ಬೇಕು. ಬಿಹಾರದಲ್ಲಿ 3.0 ಇತ್ತು. 2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ಶೇ. 15.6 ಬೆಳೆದರೆ, ನಮ್ಮ ಉತ್ತರ ಕನ್ನಡ ಜಿಲ್ಲೆಯದ್ದು ಬೆಳೆದದ್ದು ಶೇ. 6ರಷ್ಟು ಮಾತ್ರ. ಹುಟ್ಟಿದ್ದೂ ಕಡಿಮೆ, ಹುಟ್ಟಿದವರು ಊರಲ್ಲಿ ಉಳಿದದ್ದೂ ಕಡಿಮೆ.

ಇಲ್ಲಿ ಕಾರವಾರದ ಬಂದರಿಗೆ ಬನ್ನಿ. ಬಲೆ ಸರಿಮಾಡುತ್ತಾ ಕೂತವರ ಬಾಯಲ್ಲಿ ಕೊಂಕಣಿಯ ಜೊತೆ ಒಡಿಯಾ, ಹಿಂದಿಯೂ ಕೇಳುತ್ತದೆ. ಹುಡುಗರು ಜಾಸ್ತಿ ಇರುವ ಕಡೆಯಿಂದ ಕೆಲಸ ಇರುವ ಕಡೆಗೆ ಜನ ಹರಿದು ಬರುತ್ತಾರೆ, ಅಷ್ಟೇ.

ಪ್ರಶ್ನೆ: ಹಾಗಾದ್ರೆ ಹೊರಗಿನವರೇ ಬರಲಿ ಅಂತ ಕಾಯೋದಾ?

ಉತ್ತರ: ಬೇಡ. ಬಿಹಾರದಲ್ಲೂ 2015-16ರಲ್ಲಿ 3.4 ಇದ್ದದ್ದು 3.0ಕ್ಕೆ ಇಳಿದಿದೆ. ಅಲ್ಲಿಂದ ಬರುವವರೂ ಮುಂದೆ ಕಡಿಮೆಯಾಗುತ್ತಾರೆ. ಮತ್ತೆ, ಕೊನೆ ಕೊಯ್ಯೋದು ಸುಮ್ನೆ ಕೂಲಿ ಕೆಲಸ ಅಲ್ಲ, ಅಲ್ವಾ? ಕೆಳಗಿಳಿಯದೆ ಒಂದು ಮರದಿಂದ ಇನ್ನೊಂದಕ್ಕೆ ದಾಟುವುದು, ಕೊನೆಯನ್ನು ಹಗ್ಗದಲ್ಲಿ ಜಾರಿಸಿ ಬಿಡುವುದು ಎಲ್ಲ ಅಪ್ಪನ ಜೊತೆ ತೋಟಕ್ಕೆ ಹೋಗಿ ಕಲಿಯುತ್ತಿದ್ದ ವಿದ್ಯೆ. ನಿಮ್ಮ ಕೊನೆಗೌಡರ ಮಗ ಬೆಂಗಳೂರಿಗೆ ಹೋದದ್ದು ಸೋಮಾರಿತನದಿಂದ ಅಲ್ಲ. ಮರದಿಂದ ಬಿದ್ದರೆ ತನ್ನನ್ನು ನೋಡುವವರಿಲ್ಲ ಅಂತ ಅವನಿಗೆ ಗೊತ್ತು. ವಿಮೆ ಇಲ್ಲ, ವರ್ಷಪೂರ್ತಿ ಕೆಲಸ ಇಲ್ಲ. ಇದನ್ನು ತೋಟದವರಾದ ನಾವು ಒಪ್ಪಿಕೊಳ್ಳಲೇಬೇಕು.

ಜನ ಕಡಿಮೆಯಾದಾಗ ಕೂಲಿ ಏರುತ್ತದೆ, ಯಂತ್ರ ಬರುತ್ತದೆ. ಅಡಿಕೆ ಸುಲಿಯೋಕೆ ಯಂತ್ರ ಬಂದಾಯ್ತು. ಈಗ ನೆಲದಲ್ಲೇ ನಿಂತು ಕೊಯ್ಯಲು, ಮದ್ದು ಹೊಡೆಯಲು ಹಗುರವಾದ ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ಇದೆ. ಒಬ್ಬರಿಗೇ ದುಬಾರಿ, ನಾಲ್ಕು ಮನೆಯವರು ಸೇರಿ ತನ್ನಿ. ಊರಲ್ಲೇ ಉಳಿದಿರುವ ಹೆಣ್ಣುಮಕ್ಕಳಿಗೂ ಕಲಿಸಿ, ಗಂಡಸರಷ್ಟೇ ಕೂಲಿ ಕೊಡಿ.

ನಿಮ್ಮ ಕೊನೆಗೌಡರನ್ನು ಮಾತ್ರ ಇನ್ನು ಮರ ಹತ್ತಿಸಬೇಡಿ. ಯಾವ ಕೊನೆ ಹಣ್ಣಾಗಿದೆ, ಯಾವುದು ಕೊಯ್ಯಬೇಕು ಅಂತ ಕೆಳಗೆ ನಿಂತು ಹೇಳಿಕೊಡಲಿ. ಅದಕ್ಕೂ ಪೂರ್ತಿ ದಿನದ ಕೂಲಿ ಕೊಡಿ.