ಅಮೆರಿಕದ ವಿಶ್ವವಿದ್ಯಾಲಯ ಶಿಸ್ತುಕ್ರಮದ ವಿಷಯವನ್ನು ಮನೆಗೆ ತಿಳಿಸುತ್ತದೆಯೇ?

ಪ್ರಶ್ನೆ: 19 ವರ್ಷದ ವಿದ್ಯಾರ್ಥಿ ಹಾಸ್ಟೆಲಿನಲ್ಲಿ ಬಿಯರ್ ಸಮೇತ ಸಿಕ್ಕಿಬಿದ್ದರೆ ಅಪ್ಪ ಅಮ್ಮನಿಗೆ ಪತ್ರ ಹೋಗುತ್ತದೆಯೇ? ಫೀಸು ಕಟ್ಟುವವರು ಅವರೇ.

ಉತ್ತರ 1: ಫೀಸು ಯಾರು ಕಟ್ಟುತ್ತಾರೆಂಬುದು ಲೆಕ್ಕಕ್ಕಿಲ್ಲ. ವಿದ್ಯಾರ್ಥಿ ದಾಖಲೆಗಳ ಗೋಪ್ಯತೆ ಕಾಯುವ 1974ರ ಫೆರ್ಪಾ (FERPA) ಕಾಯ್ದೆಯಂತೆ, ಕಾಲೇಜು ಸೇರಿದ ಮೇಲೆ ದಾಖಲೆಯ ಹಕ್ಕು ವಿದ್ಯಾರ್ಥಿಯದೇ, ವಯಸ್ಸು 17 ಆಗಿದ್ದರೂ. ಶಿಸ್ತಿನ ಕಡತವೂ ಅದರಲ್ಲಿ ಸೇರಿದೆ. ಆದರೆ ಮದ್ಯ, ಡ್ರಗ್ಸ್ ಪ್ರಕರಣವನ್ನು ಪೋಷಕರಿಗೆ ತಿಳಿಸಬಹುದೆಂದು 1998ರಲ್ಲಿ ವಿನಾಯಿತಿ ಬಂತು, ಎರಡು ಷರತ್ತಿನ ಮೇಲೆ. ತಿಳಿಸುವ ದಿನಕ್ಕೆ (ಘಟನೆಯ ದಿನಕ್ಕಲ್ಲ) 21 ತುಂಬಿರಬಾರದು. ವಿದ್ಯಾರ್ಥಿ ನಿಯಮ ಮುರಿದದ್ದು ನಿಜವೆಂದು ಸಂಸ್ಥೆ ತೀರ್ಮಾನಿಸಿರಬೇಕು. ಎಡವುವುದು ಈ ಎರಡನೆಯದರಲ್ಲೇ. ಬರೀ ದೂರು ದಾಖಲಾದರೆ ಸಾಲದು.

ಉತ್ತರ 2: ಮೇಲಿನ ಉತ್ತರಕ್ಕೆ ಒಂದು ತಿದ್ದುಪಡಿ. ಫೀಸಲ್ಲ, ತೆರಿಗೆ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ತೆರಿಗೆ ಕಾನೂನಿನಡಿ ಮಗ ಅವಲಂಬಿತನಾದರೆ ಯಾವ ಪ್ರಕರಣವನ್ನಾದರೂ ತಿಳಿಸಬಹುದು. ಕಚೇರಿ ಸಾಮಾನ್ಯವಾಗಿ ಇತ್ತೀಚಿನ ರಿಟರ್ನ್ ಪ್ರತಿ ಕೇಳುತ್ತದೆ. ಅಲ್ಲಿ ತೆರಿಗೆಯನ್ನೇ ಸಲ್ಲಿಸದ ಪೋಷಕರಿಗೆ ಈ ಬಾಗಿಲು ಬಹುತೇಕ ಮುಚ್ಚಿದಂತೆ. ಅಂಥವರಿಗೆ ಉಳಿಯುವ ಸರಳ ದಾರಿ, ಮಗನೇ ಸಹಿ ಹಾಕಿದ ಒಪ್ಪಿಗೆ ಪತ್ರ: ಯಾವ ದಾಖಲೆ, ಯಾವ ಉದ್ದೇಶಕ್ಕೆ, ಯಾರಿಗೆ, ದಿನಾಂಕ.

ಉತ್ತರ 3: ಎಲ್ಲವೂ ‘ತಿಳಿಸಬಹುದು’, ‘ತಿಳಿಸಲೇಬೇಕು’ ಅಲ್ಲ. ಆಯಾ ವಿಶ್ವವಿದ್ಯಾಲಯದ ನೀತಿ ಓದಿ. ಜೀವಕ್ಕೆ ಅಪಾಯವಿದ್ದರೆ ವಯಸ್ಸು, ತೆರಿಗೆ ನೋಡದೆ ಕರೆ ಮಾಡಬಹುದು, ಆದರೆ ಅಪಾಯ ಏನೆಂದು ಕಡತದಲ್ಲಿ ಬರೆದಿಡಬೇಕು. ವಿದ್ಯಾರ್ಥಿ ತನ್ನ ಕಡತ ನೋಡಲು ಕೇಳಿದರೆ 45 ದಿನದೊಳಗೆ ತೋರಿಸಬೇಕು. ಕ್ಯಾಂಪಸ್ ಪೊಲೀಸರು ತಮ್ಮ ಕೆಲಸಕ್ಕೆಂದು ಬರೆದಿಟ್ಟ ವರದಿಗೆ ಮಾತ್ರ ಫೆರ್ಪಾ ರಕ್ಷಣೆಯಿಲ್ಲ.