ಐಇಎಲ್‌ಟಿಎಸ್ ಸ್ಪೀಕಿಂಗ್ ಪಾರ್ಟ್ 1: ಒಂದೇ ಸಾಲಿಗೆ ಉತ್ತರ ಮುಗಿದುಹೋಗುತ್ತೆ, ಏನು ಮಾಡೋದು?

ಹೇಮಾವತಿ_ದಂಡೆ:
ಇನ್ನು ಮೂರು ವಾರಕ್ಕೆ ಐಇಎಲ್‌ಟಿಎಸ್, ಅಂದರೆ ಇಂಗ್ಲಿಷ್ ಪರೀಕ್ಷೆ. ಸ್ಪೀಕಿಂಗಲ್ಲಿ ಕ್ಯೂ ಕಾರ್ಡ್ (ಪಾರ್ಟ್ 2ರಲ್ಲಿ ಮಾತಾಡೋಕೆ ಕೊಡೋ ವಿಷಯದ ಚೀಟಿ) ಪರವಾಗಿಲ್ಲ, ಮೊದಲ ಇಂಟರ್‌ವ್ಯೂ, ಅಂದರೆ ಪಾರ್ಟ್ 1ರದ್ದೇ ತಲೆನೋವು. ಊರು, ಮನೆ, ಕೆಲಸ ಇವಕ್ಕೆ ಉತ್ತರ ಬರೆದು ಬಾಯಿಪಾಠ ಮಾಡಿದರೆ ನಡೆಯುತ್ತಾ? ಪ್ರಶ್ನೆ ಅರ್ಥವಾಗದಿದ್ದರೆ?

ಗಡಿಯಾರ_ನೋಡ್ಕೊಂಡು:
ಮೊದಲು ಲೆಕ್ಕ ಹಾಕಿ. ಪಾರ್ಟ್ 1ಕ್ಕೆ 4ರಿಂದ 5 ನಿಮಿಷ, ಹೆಸರು ಕೇಳಿ ಪಾಸ್‌ಪೋರ್ಟ್ ನೋಡೋದೂ ಅದರಲ್ಲೇ. ಸಾಮಾನ್ಯವಾಗಿ ಮೂರು ವಿಷಯ, ಹತ್ತು-ಹನ್ನೆರಡು ಪ್ರಶ್ನೆ. ಹಾಗಾಗಿ ಒಂದು ಉತ್ತರಕ್ಕೆ 15-20 ಸೆಕೆಂಡ್, ಎರಡು-ಮೂರು ವಾಕ್ಯ ಸಾಕು. ಹೆಸರು ಕೇಳಿದಾಗ ಹೆಸರಷ್ಟೇ ಹೇಳಿ, ವಂಶಾವಳಿ ಬೇಡ.

'ಡು ಯು ಲೈಕ್ ಯುವರ್ ಹೋಮ್‌ಟೌನ್?' ಅಂದರೆ 'ಯೆಸ್, ಐ ಲೈಕ್ ಇಟ್' ಅಂತ ನಿಲ್ಲಿಸಬೇಡಿ. ಹೀಗೆ ಹೇಳಿ: 'ಐ ಡು, ಮೇನ್ಲಿ ಬಿಕಾಸ್ ಇಟ್ ಸ್ಟೇಸ್ ಕೂಲ್ ಈವನ್ ಇನ್ ಏಪ್ರಿಲ್. ದ ಓನ್ಲಿ ಟ್ರಬಲ್ ಈಸ್ ದ ಲಾಸ್ಟ್ ಬಸ್, ವಿಚ್ ಲೀವ್ಸ್ ಅಟ್ ಎಯ್ಟ್.' ಒಂದು ಕಾರಣ, ಒಂದು ಕೊರತೆ, ಮುಗೀತು. ಉದ್ದವಾದರೆ ಎಕ್ಸಾಮಿನರ್ ನಡುವೆ ತಡೆದು ಮುಂದಿನ ಪ್ರಶ್ನೆಗೆ ಹೋಗ್ತಾರೆ. ಸಮಯದ ಕಟ್ಟುಪಾಡು ಅಷ್ಟೇ, ಗಾಬರಿ ಬೇಡ.

ಬಾಯಿಪಾಠ_ಬೇಡ:
ಕಂಠಪಾಠ ಕೂಡಲೇ ಗೊತ್ತಾಗುತ್ತೆ. ಮಾತಿನ ವೇಗ ದಿಢೀರ್ ಏರುತ್ತೆ, ದನಿ ಒಂದೇ ಸಮ ಹೋಗುತ್ತೆ, ಮುಂದಿನ ಅನಿರೀಕ್ಷಿತ ಪ್ರಶ್ನೆಗೆ ಇಂಗ್ಲಿಷ್ ಎರಡು ಮೆಟ್ಟಿಲು ಕೆಳಗಿಳಿಯುತ್ತೆ. ಪಾರ್ಟ್ 1ಕ್ಕೆ ಬೇರೆ ಅಂಕ ಇಲ್ಲ. 11-14 ನಿಮಿಷದ ಇಡೀ ಮಾತಿಗೆ ಫ್ಲೂಯೆನ್ಸಿ (ತಡವರಿಸದ ಮಾತು), ಪದಸಂಪತ್ತು, ವ್ಯಾಕರಣ, ಉಚ್ಚಾರಣೆ ಅಂತ ನಾಲ್ಕು ಮಾನದಂಡ, ಪ್ರತಿಯೊಂದಕ್ಕೂ ಕಾಲು ಭಾಗ. ಹಾಗಾಗಿ ವಾಕ್ಯ ಬರೆಯಬೇಡಿ. ವಿಷಯಕ್ಕೆ ನಾಲ್ಕು ಪದ ಗೀಚಿ, ಫೋನಲ್ಲಿ ರೆಕಾರ್ಡ್ ಮಾಡಿ, ಅದೇ ಪ್ರಶ್ನೆಗೆ ಮರುದಿನ ಬೇರೆ ಥರ ಉತ್ತರಿಸಿ.

ಅರ್ಥವಾಗದಿದ್ದರೆ 'ಸಾರಿ, ಕುಡ್ ಯು ರಿಪೀಟ್ ದಟ್?' ಅನ್ನಿ. ಪ್ರಶ್ನೆಗಳು ಮೊದಲೇ ಬರೆದಿಟ್ಟಿರೋವು. ಪಾರ್ಟ್ 1ರಲ್ಲಿ ಎಕ್ಸಾಮಿನರ್ ಅದನ್ನೇ ಮತ್ತೆ ಓದ್ತಾರೆ, ಬಿಡಿಸಿ ಹೇಳೋ ಸ್ವಾತಂತ್ರ್ಯ ಪಾರ್ಟ್ 3ರಲ್ಲಿ, ಅಂದರೆ ಕೊನೆಯ ಚರ್ಚೇಲಿ.

ಕ್ರಿಯಾಪದ_ಕಾವಲುಗಾರ:
ನಮ್ಮವರು ಜಾರೋದು ಕಾಲಗಳಲ್ಲಿ. ಬಾಲ್ಯದ ಬಗ್ಗೆ ಒಂದು ಪ್ರಶ್ನೆ ಬಂದೇ ಬರಬಹುದು ಅಂತ ಇಟ್ಕೊಳ್ಳಿ. 'ಕೆರೇಲಿ ಈಜ್ತಿದ್ದೆ' ಅನ್ನೋದನ್ನ ತಲೆ ಹಾಗೇ ತಿರುಗಿಸಿ 'ಐ ವಾಸ್ ಸ್ವಿಮ್ಮಿಂಗ್' ಮಾಡುತ್ತೆ. ಕನ್ನಡದ 'ಈಜ್ತಿದ್ದೆ' ಆಗಿನ ರೂಢಿಗೂ ಆಗುತ್ತೆ, ಆ ಕ್ಷಣದ ಕೆಲಸಕ್ಕೂ ಆಗುತ್ತೆ. ಇಂಗ್ಲಿಷಲ್ಲಿ ಬೇರೆ ಬೇರೆ. ರೂಢಿಗೆ 'ಐ ಯೂಸ್ಡ್ ಟು ಸ್ವಿಮ್'. ಹಾಗೇ 'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್' ಅಲ್ಲ, 'ಐ ಹ್ಯಾವ್'. 'ಬೆಂಗಳೂರಲ್ಲೇ' ಅನ್ನೋ 'ಏ'ಗೆ ಕೊನೇಲಿ 'ಓನ್ಲಿ' ಅಂಟಿಸೋದನ್ನೂ ಬಿಡಿ.

ಕನ್ನಡದ ಧಾಟಿ ಇದ್ದರೆ ಅಂಕ ಹೋಗಲ್ಲ, ಮಾತು ತಿಳಿಯದಿದ್ದರೆ ಹೋಗುತ್ತೆ. 'ಎವ್ರಿ' 'ಯೆವ್ರಿ' ಆಗೋದು, 'ಓಲ್ಡ್' 'ವೋಲ್ಡ್' ಆಗೋದು, 'ಬಸ್' 'ಬಸ್ಸು' ಆಗೋದು ರೆಕಾರ್ಡಿಂಗ್ ಕೇಳಿದರೆ ನಿಮಗೇ ಸಿಗುತ್ತೆ.

ಹೇಮಾವತಿ_ದಂಡೆ:
ಕೆಲಸ ಬಿಟ್ಟಿದ್ದೇನೆ, ಓದ್ತಾನೂ ಇಲ್ಲ. 'ಡು ಯು ವರ್ಕ್ ಆರ್ ಆರ್ ಯು ಎ ಸ್ಟೂಡೆಂಟ್?' ಅಂದರೆ?

ಗಡಿಯಾರ_ನೋಡ್ಕೊಂಡು:
ಇದ್ದದ್ದನ್ನೇ ಹೇಳಿ: 'ನೈದರ್ ಅಟ್ ದ ಮೊಮೆಂಟ್. ಐ ವರ್ಕ್ಡ್ ಇನ್ ಅ ಬ್ಯಾಂಕ್ ಅನ್‌ಟಿಲ್ ಮಾರ್ಚ್.' ಅಲ್ಲಿಂದ ಭೂತಕಾಲ ಬಿಟ್ಟು ಜಾರಬೇಡಿ. ನಿಮ್ಮ ರೆಸ್ಯೂಮೆ ಅವರಿಗೆ ಬೇಕಿಲ್ಲ, ಆ ವಾಕ್ಯ ಬೇಕು.