ಕ್ರಿಸ್ ಬೋರ್ಲಂಡ್ ಒಂದೇ ಸೀಸನ್ ಆಡಿ ಅಮೆರಿಕನ್ ಫುಟ್‌ಬಾಲ್ ಬಿಟ್ಟಿದ್ದು ಸರಿಯಾ?

ಮ್ಯಾಡಿಸನ್_ಹಳಬ
ವಿಸ್ಕಾನ್ಸಿನ್ ಯೂನಿವರ್ಸಿಟಿಯಲ್ಲಿ ಓದುವಾಗ ಕ್ಯಾಂಪ್ ರ‍್ಯಾಂಡಲ್ ಸ್ಟೇಡಿಯಮ್ಮಿನಲ್ಲಿ ಚಳಿಗೆ ನಡುಗುತ್ತಾ 44ನೇ ನಂಬರಿನ ಈ ಹುಡುಗನ ಆಟ ನೋಡಿದವನು ನಾನು. ಎತ್ತರ ಆರಡಿಗೆ ಒಂದಿಂಚು ಕಮ್ಮಿ. ಓಟವೂ ಅಷ್ಟಕ್ಕಷ್ಟೆ. ಆದರೆ ಚೆಂಡು ಯಾವ ಕಡೆ ಹೋಗುತ್ತದೆ ಅನ್ನೋದು ಅವನಿಗೆ ಎಲ್ಲರಿಗಿಂತ ಒಂದು ಹೆಜ್ಜೆ ಮುಂಚೆ ಗೊತ್ತಾಗುತ್ತಿತ್ತು. 2013ರಲ್ಲಿ ಬಿಗ್ ಟೆನ್ ಅನ್ನುವ ಕಾಲೇಜು ಲೀಗಿನ ಅತ್ಯುತ್ತಮ ಡಿಫೆನ್ಸ್ ಆಟಗಾರನಾದ. 2014ರ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಎಫ್‌ಎಲ್ ಅನ್ನುವ ವೃತ್ತಿಪರ ಲೀಗಿನ ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸುವಾಗ, ಮೂರನೇ ಸುತ್ತಿನಲ್ಲಿ, 77ನೆಯವನಾಗಿ, ಸ್ಯಾನ್ ಫ್ರಾನ್ಸಿಸ್ಕೊ ಫೋರ್ಟಿನೈನರ್ಸ್ ತಂಡ ತೆಗೆದುಕೊಂಡಿತು.

ತಂಡದಲ್ಲಿ ಅದೇ ಜಾಗದಲ್ಲಿ ಆಡುತ್ತಿದ್ದ ನವೊರೊ ಬೋಮನ್ ಮೊಣಕಾಲಿನ ಗಾಯದಿಂದ ಆ ವರ್ಷವಿಡೀ ಹೊರಗಿದ್ದ. ಅವನ ಜೊತೆಗಾರ ಪ್ಯಾಟ್ರಿಕ್ ವಿಲಿಸ್ ಕಾಲ್ಬೆರಳಿನ ನೋವಿನಿಂದ ಅಕ್ಟೋಬರ್‌ನಲ್ಲಿ ಕೂತ. ಹೊಸ ಹುಡುಗನಿಗೆ ಜಾಗ ಸಿಕ್ಕಿತು. ಆಮೇಲೆ ನವೆಂಬರ್ ಪೂರ್ತಿ ಅವನದೇ. ರ‍್ಯಾಮ್ಸ್ ತಂಡದ ಮೇಲೆ 18 ಟ್ಯಾಕಲ್, ಅಂದರೆ ಚೆಂಡು ಹಿಡಿದವನನ್ನು ಕೆಡವಿದ್ದು. ಮುಂದಿನ ವಾರ ಸೇಂಟ್ಸ್ ಮೇಲೆ 17, ಜೊತೆಗೆ ಓವರ್‌ಟೈಮಿನಲ್ಲಿ ಕೈಜಾರಿದ ಚೆಂಡಿನ ಮೇಲೆ ಬಿದ್ದು ಪಂದ್ಯ ತಂದುಕೊಟ್ಟ. ಅದರ ಮುಂದಿನ ವಾರ ಜೈಂಟ್ಸ್ ವಿರುದ್ಧ ಎರಡು ಇಂಟರ್ಸೆಪ್ಷನ್, ಎದುರಾಳಿ ಎಸೆದ ಚೆಂಡನ್ನು ನಡುವೆ ಹಿಡಿದದ್ದು. 2015ರ ಮಾರ್ಚ್ 16ಕ್ಕೆ, 24ನೇ ವಯಸ್ಸಿಗೆ, ಸಾಕು ಅಂದ. ತಲೆಗೆ ಬೀಳುವ ಪೆಟ್ಟಿನಿಂದ ಮುಂದೆ ಏನಾಗುತ್ತದೋ ಅನ್ನುವ ಯೋಚನೆಯೇ ಕಾರಣ ಅಂತ ನೇರವಾಗಿ ಹೇಳಿದ.

ಅವತ್ತು ನನಗೆ ಹೊಟ್ಟೆ ಉರಿದಿತ್ತು. ಈಗ ಅವನು ಮಾಡಿದ್ದೇ ಸರಿ ಅನಿಸುತ್ತಿದೆ. ನೀವೇನಂತೀರಿ?

ನೈನರ್ಸ್_ಮನೆ
ನಾನು ಒಪ್ಪಲ್ಲ. ವಿಲಿಸ್ ನಿವೃತ್ತಿ ಹೇಳಿ ಇನ್ನೂ ಒಂದು ವಾರ ಆಗಿರಲಿಲ್ಲ. ಕೋಚ್ ಹಾರ್ಬಾ ಡಿಸೆಂಬರ್‌ನಲ್ಲೇ ಹೋಗಿದ್ದ. ಮನೆಯ ನಡುಗಂಬ ಕಿತ್ತ ಮೇಲೆ ಊರುಗೋಲನ್ನೂ ಕಿತ್ತ ಹಾಗಾಯಿತು. ಈ ಆಟದಲ್ಲಿ ತಲೆಗೆ ಪೆಟ್ಟು ಬೀಳುತ್ತದೆ ಅಂತ ಡ್ರಾಫ್ಟ್‌ಗೆ ಬರುವಾಗ ಗೊತ್ತಿರಲಿಲ್ವಾ? ಆ 77ನೇ ಜಾಗದಲ್ಲಿ ಹತ್ತು ವರ್ಷ ಆಡುವ ಹುಡುಗ ಸಿಗಬಹುದಿತ್ತು.

ಮ್ಯಾಡಿಸನ್_ಹಳಬ
ಗೊತ್ತಿರುವುದು ಬೇರೆ, ಮೈಮೇಲೆ ಬರುವುದು ಬೇರೆ. ಟ್ರೈನಿಂಗ್ ಕ್ಯಾಂಪಿನಲ್ಲಿ ಚೆಂಡು ಹಿಡಿದು ಓಡಿ ಬಂದವನನ್ನು ತಡೆಯುವಾಗ ಅವನ ತಲೆಗೆ ಪೆಟ್ಟು ಬಿತ್ತು. ಕನ್‌ಕಷನ್, ಅಂದರೆ ಮೆದುಳಿಗೆ ಪೆಟ್ಟು, ಆಗಿದೆ ಅಂತ ಅವನಿಗೇ ಅನಿಸಿತಂತೆ. ಆದರೂ ಆಡಿದ, ಯಾಕೆಂದರೆ ತಂಡದಲ್ಲಿ ಜಾಗ ಇನ್ನೂ ಗಟ್ಟಿ ಆಗಿರಲಿಲ್ಲ. ಅಲ್ಲಿಂದಲೇ ಯೋಚನೆ ಶುರುವಾಗಿದ್ದು. ತಂಡಕ್ಕೆ ನಷ್ಟ ಅನ್ನೋದಾದರೆ, ಆರು ಲಕ್ಷ ಡಾಲರಿಗೂ ಮೀರಿದ ಸೈನಿಂಗ್ ಬೋನಸ್ಸಿನಲ್ಲಿ (ಒಪ್ಪಂದಕ್ಕೆ ಸಹಿ ಹಾಕಿದ್ದಕ್ಕೆ ಸಿಕ್ಕ ಹಣ) ಮುಕ್ಕಾಲು ಪಾಲನ್ನು ವಾಪಸ್ ಮಾಡಿದ. ನಾಲ್ಕು ವರ್ಷದ ಒಪ್ಪಂದದಲ್ಲಿ ಒಂದು ವರ್ಷ ಆಡಿದ್ದ, ಒಂದು ವರ್ಷದ್ದು ಇಟ್ಟುಕೊಂಡ. ಲೆಕ್ಕ ಚುಕ್ತಾ.

ಬೆಳಗಿನ_ಕಾಫಿ
ಸೋಮವಾರ ಬೆಳಗ್ಗೆ ಮೈಸೂರಿನಲ್ಲಿ ಕೂತು ಈ ಆಟ ನೋಡುವವನು ನಾನು. ನನ್ನ ಪ್ರಶ್ನೆ ಸರಳ. ಲೂಕ್ ಕೀಕ್ಲಿ ಕೂಡ ಬೋರ್ಲಂಡ್ ಹಾಗೆ ಲೈನ್‌ಬ್ಯಾಕರ್ (ಡಿಫೆನ್ಸ್‌ನ ಮುಂದಿನ ಸಾಲಿನ ಹಿಂದೆ ನಿಂತು ಎದುರಾಳಿಯನ್ನು ತಡೆಯುವವನು), ಬಾಸ್ಟನ್ ಕಾಲೇಜಿನಿಂದ ಬಂದವನು. 2012ರಲ್ಲಿ ಕ್ಯಾರೊಲೈನಾ ಪ್ಯಾಂಥರ್ಸ್ ತಂಡ ಸೇರಿದ, 2013ಕ್ಕೇ ಲೀಗಿನ ಅತ್ಯುತ್ತಮ ಡಿಫೆನ್ಸ್ ಆಟಗಾರ. ಎಂಟು ಸೀಸನ್ ಆಡಿ 2020ರ ಜನವರಿಯಲ್ಲಿ, 28ಕ್ಕೆ ನಿಲ್ಲಿಸಿದ. ಬೋರ್ಲಂಡ್ ಕೂಡ ಹಾಗೆ ನಾಲ್ಕೈದು ವರ್ಷ ಆಡಿ ಬಿಡಬಹುದಿತ್ತಲ್ವಾ?

ಹೊನ್ನಾವರದವಳು
ಕೀಕ್ಲಿ ಉದಾಹರಣೆ ನಿಮ್ಮ ಮಾತಿಗೇ ಉಲ್ಟಾ ಹೊಡೆಯುತ್ತದೆ. 2016ರ ನವೆಂಬರ್‌ನಲ್ಲಿ ಅವನನ್ನು ಗಾಡಿಯಲ್ಲಿ ಹೊರಗೆ ಕರೆದುಕೊಂಡು ಹೋದದ್ದು ನೆನಪಿದೆಯಾ? ಅಷ್ಟು ದೊಡ್ಡ ಆಳು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ. 2015, 2016, 2017, ಮೂರು ವರ್ಷವೂ ಕನ್‌ಕಷನ್. ಅವನು ಬಿಟ್ಟದ್ದು ಪೆಟ್ಟು ತಿಂದ ಮೇಲೆ. ಬೋರ್ಲಂಡ್ ಅದಕ್ಕೆ ಮುಂಚೆ ಬಿಟ್ಟ.

ನಾನು ನರರೋಗ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ತೆಂಗಿನಕಾಯಿ ಅಲ್ಲಾಡಿಸಿದರೆ ಒಳಗೆ ನೀರು ಕುಲುಕುತ್ತದಲ್ಲ, ತಲೆಬುರುಡೆಯೊಳಗೆ ಮೆದುಳೂ ಹಾಗೇ ಅಲುಗುತ್ತದೆ. ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಯುತ್ತದೆ, ಒಳಗಿನ ಕುಲುಕಾಟವನ್ನು ತಡೆಯಲಾರದು. ದೊಡ್ಡ ಪೆಟ್ಟು ಕಣ್ಣಿಗೆ ಕಾಣುತ್ತದೆ. ಪ್ರತಿ ಆಟದಲ್ಲೂ, ಪ್ರತಿ ಪ್ರಾಕ್ಟೀಸಿನಲ್ಲೂ ಬೀಳುವ ಸಣ್ಣ ಪೆಟ್ಟುಗಳು ಕಾಣುವುದಿಲ್ಲ. ಲೈನ್‌ಬ್ಯಾಕರ್‌ನ ಕೆಲಸವೇ ಅದು. ಎದುರು ತಂಡದ ಮುಂದಿನ ಸಾಲಿನ ಗಾರ್ಡ್ ಯಾವ ಕಡೆ ಕಾಲಿಟ್ಟ ನೋಡು, ಆ ಸಂದಿಗೆ ನುಗ್ಗು, ಬರುವವನನ್ನು ಎದೆಗೊಟ್ಟು ನಿಲ್ಲಿಸು. ಇಂಥ ಪೆಟ್ಟುಗಳು ವರ್ಷಗಟ್ಟಲೆ ಸೇರಿ ಸಿಟಿಇ ಅನ್ನುವ ಮೆದುಳಿನ ರೋಗಕ್ಕೆ ದಾರಿ ಮಾಡುತ್ತವೆ. ಅದನ್ನು ಖಚಿತವಾಗಿ ಹೇಳಲು ಆಗುವುದು ಸತ್ತ ಮೇಲೆ ಮೆದುಳು ಪರೀಕ್ಷಿಸಿದಾಗ ಮಾತ್ರ. ಲೈನ್‌ಬ್ಯಾಕರ್ ಜೂನಿಯರ್ ಸಿಯಾವ್ 20 ಸೀಸನ್ ಆಡಿದ. 2012ರಲ್ಲಿ ತನ್ನ ಪ್ರಾಣ ತಾನೇ ತೆಗೆದುಕೊಂಡ. ಅವನ ಮೆದುಳಿನಲ್ಲೂ ಅದೇ ಸಿಕ್ಕಿತು.

ನೈನರ್ಸ್_ಮನೆ
ಸತ್ತ 111 ಎನ್‌ಎಫ್‌ಎಲ್ ಆಟಗಾರರಲ್ಲಿ 110 ಮಂದಿಗೆ ಸಿಟಿಇ ಇತ್ತು ಅಂತ ಎಲ್ಲರೂ ಹೆದರಿಸುತ್ತಾರಲ್ಲ, ಅದು ತೊಂದರೆ ಕಂಡವರ ಮನೆಯವರೇ ಜಾಸ್ತಿ ದಾನ ಕೊಟ್ಟ ಮೆದುಳುಗಳ ಲೆಕ್ಕ. ಆಡಿದ ಎಲ್ಲರಿಗೂ ಬರುತ್ತದೆ ಅಂತ ಅಲ್ಲ.

ಹೊನ್ನಾವರದವಳು
ಸರಿಯಾಗಿ ಹೇಳಿದಿರಿ. 2017ರ ಬಾಸ್ಟನ್ ಯೂನಿವರ್ಸಿಟಿ ಅಧ್ಯಯನ ಅದು, ಬರೆದವರೂ ಆ ಮಿತಿಯನ್ನು ಹೇಳಿದ್ದಾರೆ. ಎಷ್ಟು ಜನಕ್ಕೆ ಅಂತ ಅದು ಹೇಳುವುದಿಲ್ಲ. ಆದರೆ ನೂರಕ್ಕೆ ಹತ್ತು ಅಂತಲೇ ಇಟ್ಟುಕೊಳ್ಳಿ, ನಿಮ್ಮ ಮನೆ ಮಗನಿಗೆ ಏನು ಹೇಳುತ್ತೀರಿ?

ಬೆಳಗಿನ_ಕಾಫಿ
ಇನ್ನೊಂದು ಮಾತಿದೆ. ಬೋರ್ಲಂಡ್ ಕೈಯಲ್ಲಿ ಹಿಸ್ಟರಿ ಡಿಗ್ರಿ ಇತ್ತು, ಬಿಟ್ಟರೂ ಬದುಕಬಲ್ಲ. ಆಟ ಬಿಟ್ಟರೆ ಮನೆ ಒಲೆ ಉರಿಯದ ಹುಡುಗರು ಎಷ್ಟೋ ಮಂದಿ ಅದೇ ಲಾಕರ್ ರೂಮಿನಲ್ಲಿ ಇರುತ್ತಾರೆ. ಅವರನ್ನು ಮೂರ್ಖರು ಅನ್ನುವುದು ಬೇಡ.

ಮ್ಯಾಡಿಸನ್_ಹಳಬ
ಖಂಡಿತ ಬೇಡ. ಒಳ್ಳೆ ಮಾತು.

ಫ್ರಿಮಾಂಟ್_ಅಮ್ಮ
ನಾನು ಈ ಚರ್ಚೆ ಓದುತ್ತಿರುವುದಕ್ಕೆ ಕಾರಣ ಇದೆ. ಮಗನಿಗೆ ಹದಿನಾಲ್ಕು. ಹೈಸ್ಕೂಲ್ ತಂಡಕ್ಕೆ ಸೇರುತ್ತೇನೆ, ಲೈನ್‌ಬ್ಯಾಕರ್ ಆಗುತ್ತೇನೆ ಅಂತ ಹಟ. ಒಪ್ಪಿಗೆ ಕಾಗದ ಫ್ರಿಜ್ ಮೇಲೆ ಅಂಟಿಸಿ ಒಂದು ವಾರ ಆಯಿತು. ನಾನಿನ್ನೂ ಸಹಿ ಹಾಕಿಲ್ಲ. ಬೇಡ ಅಂದರೆ ಮುಖ ಊದಿಸಿಕೊಳ್ಳುತ್ತಾನೆ, ಹೂಂ ಅಂದರೆ ನನಗೆ ನಿದ್ದೆ ಬರಲ್ಲ.

ಹೊನ್ನಾವರದವಳು
ಅಕ್ಕ, ಸಹಿಗೆ ಮುಂಚೆ ಕೋಚ್ ಹತ್ತಿರ ಒಂದು ವಿಷಯ ಕೇಳಿ. ನಿಮ್ಮ ಕ್ಯಾಲಿಫೋರ್ನಿಯಾದಲ್ಲಿ 2015ರಿಂದ ಕಾನೂನು ಇದೆ. ಹೈಸ್ಕೂಲ್ ಮಕ್ಕಳಿಗೆ ಮೈಗೆ ಮೈ ಡಿಕ್ಕಿ ಹೊಡೆಯುವ ಪ್ರಾಕ್ಟೀಸ್ ವಾರಕ್ಕೆ ಎರಡೇ ದಿನ, ದಿನಕ್ಕೆ 90 ನಿಮಿಷ ಮಾತ್ರ. ಸೀಸನ್ ಇಲ್ಲದಾಗ ಪೂರ್ತಿ ಬಂದ್. ಅವರು ಅದನ್ನು ಹೇಗೆ ಪಾಲಿಸುತ್ತಾರೆ ಅಂತ ಕೇಳಿ. ತಡವರಿಸಿದರೆ ಸಹಿ ಹಾಕಬೇಡಿ. ಡಿಕ್ಕಿ ಇಲ್ಲದ ಫ್ಲ್ಯಾಗ್ ಫುಟ್‌ಬಾಲ್ ಕೂಡ ಇದೆ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಅದನ್ನು ಸೇರಿಸಿದ್ದಾರೆ.

ಫ್ರಿಮಾಂಟ್_ಅಮ್ಮ
ಕೇಳುತ್ತೇನೆ, ಥ್ಯಾಂಕ್ಸ್. ನಿನ್ನೆ ರಾತ್ರಿ ಮಗನನ್ನು ಪಕ್ಕ ಕೂರಿಸಿಕೊಂಡು ಆ ಸೇಂಟ್ಸ್ ಪಂದ್ಯ ಹಾಕಿದೆ. ಚೆಂಡು ನೋಡಬೇಡ, 50ನೇ ನಂಬರಿನ ಬೋರ್ಲಂಡ್ ಒಬ್ಬನನ್ನೇ ನೋಡು, ಎಷ್ಟು ಸಲ ಡಿಕ್ಕಿ ಹೊಡೆಯುತ್ತಾನೆ ಎಣಿಸು ಅಂದೆ. ಪೆನ್ಸಿಲ್ ಹಿಡಿದು ಗೀಟು ಹಾಕುತ್ತಾ ಕೂತ. ಮೂರನೇ ಕ್ವಾರ್ಟರ್ ಹೊತ್ತಿಗೆ ಪೆನ್ಸಿಲ್ ಕೆಳಗಿಟ್ಟ. ಇಬ್ಬರೂ ಮಾತಾಡಲಿಲ್ಲ. ಕಾಗದ ಇನ್ನೂ ಫ್ರಿಜ್ ಮೇಲೇ ಇದೆ.